ಬೋದಿಗೆಯ ಮೇಲೆ ನಿಂತ ಸೇತುವೆ: ದಿವಾನ್ ಪೂರ್ಣಯ್ಯನವರ ಕಥೆ

ಪ್ರತಿ ಸೆಪ್ಟೆಂಬರ್ ಬಂತಂದ್ರ ನಾವು ವಿಶ್ವೇಶ್ವರಯ್ಯನವರ ಬಗ್ಗೆ ಬರೀತೀವಿ. ಬರೀಬೇಕು, ತಪ್ಪಿಲ್ಲ. ಆದ್ರ ಈ ಸಲ ನಮ್ಮ ಕನ್ನಡ ಬಳಗದಲ್ಲಿ ಕೂತು ಮಾತಾಡುವಾಗ ಇನ್ನೊಬ್ಬರ ಹೆಸರು ಬಂತು. ಅವರು ಎಂಜಿನಿಯರ್ ಅಲ್ಲ. ಯಾವ ಕಾಲೇಜಿಗೂ ಹೋದವರಲ್ಲ, ಡ್ರಾಯಿಂಗ್ ಬೋರ್ಡ್ ಮುಟ್ಟಿದವರಲ್ಲ. ಲೆಕ್ಕ ಬರೆಯುವ ಕೆಲಸದಿಂದ ಮೇಲೆ ಬಂದವರು. ಆದರೆ ಅವರ ಉಸ್ತುವಾರಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿದ ಕಲ್ಲಿನ ಸೇತುವೆ 1804ರಿಂದ ಇವತ್ತಿನವರೆಗೆ ಕಾವೇರಿಯಲ್ಲಿ ನಿಂತಿದೆ. ಅವರು ದಿವಾನ್ ಪೂರ್ಣಯ್ಯ.

ಈ ಮಾತು ಬಂದದ್ದು ಕಾರವಾರದ ಸುದ್ದಿಯಿಂದ. 2024ರ ಆಗಸ್ಟ್ 7ರ ನಡುರಾತ್ರಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು. ಮೇಲೆ ಹೊರಟಿದ್ದ ಲಾರಿ ನದಿಗೆ ಬಿತ್ತು, ಡ್ರೈವರನ್ನು ಹೇಗೋ ಜೀವಂತ ಎತ್ತಿದರು. ಆ ಸೇತುವೆಯ ವಯಸ್ಸು ಸುಮಾರು 40 ವರ್ಷ ಅಷ್ಟ. ಮರುವರ್ಷ ಜುಲೈ 9ಕ್ಕೆ ಗುಜರಾತಿನ ಗಂಭೀರಾ ಸೇತುವೆ ಬಿತ್ತು. ಅದೂ 1985ರದ್ದು, ಅದೂ ಸುಮಾರು 40. ಅಲ್ಲಿ ಹಲವರು ಸತ್ತರು. 40 ವರ್ಷದ ಕಾಂಕ್ರೀಟ್ ಬೀಳ್ತದ, 220 ವರ್ಷ ದಾಟಿದ ಕಲ್ಲು ನಿಂತದ. ಹಾಗಾದ್ರ ಹಿಂದಿನವರೇ ಶಾಣ್ಯಾರು, ಈಗಿನವರು ದಡ್ಡರು ಅಂತ ವಾಟ್ಸ್ಯಾಪಿನಲ್ಲಿ ಫಾರ್ವರ್ಡ್ ಮಾಡಿದರೆ ಮುಗೀತು. ನಮಗೆ ಅದು ಸಮಾಧಾನ ಕೊಡಲಿಲ್ಲ. ಅದಕ್ಕ ಪೂರ್ಣಯ್ಯನವರು ಯಾರು, ಆ ಸೇತುವೆ ಯಾಕೆ ನಿಂತಿದೆ ಅಂತ ಹುಡುಕಲಿಕ್ಕೆ ಕೂತೆವು.

ಪೂರ್ಣಯ್ಯನವರು ಹುಟ್ಟಿದ್ದು 1746ರಲ್ಲಿ, ಈಗಿನ ತಮಿಳುನಾಡಿನ ಕಡೆಯ ಒಂದು ಊರಿನಲ್ಲಿ, ಬಡ ಮಾಧ್ವ ಬ್ರಾಹ್ಮಣ ಮನೆತನದಲ್ಲಿ. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡರು. ಹೊಟ್ಟೆಪಾಡಿಗಾಗಿ ಹುಡುಗ ಒಬ್ಬ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯಲಿಕ್ಕೆ ಸೇರಿಕೊಂಡ. ಆ ವ್ಯಾಪಾರಿ ಹೈದರಾಲಿಯ ಕಡೆಗೆ ಸಾಮಾನು ಪೂರೈಸುತ್ತಿದ್ದ. ಹೀಗೆ ಕಿರಾಣಿ ಲೆಕ್ಕದ ಮೂಲಕ ಹುಡುಗನ ಕೈಬರಹ, ನೆನಪು, ಚುರುಕುತನ ಹೈದರನ ಆಸ್ಥಾನದವರ ಕಣ್ಣಿಗೆ ಬಿತ್ತು. ಅಲ್ಲಿಂದ ಖಜಾನೆಗೆ. ಕನ್ನಡ, ಸಂಸ್ಕೃತ, ಪರ್ಷಿಯನ್ ಎಲ್ಲ ಬರುತ್ತಿತ್ತು. ಇಂಗ್ಲಿಷ್ ಅರ್ಥ ಆಗುತ್ತಿತ್ತಂತೆ, ಮಾತಾಡಲಿಕ್ಕೆ ಬರುತ್ತಿರಲಿಲ್ಲ. (ನಮ್ಮಲ್ಲಿ ಕೆಲವರದು ಸದ್ಯಕ್ಕ ಕನ್ನಡದ ಜೊತೆ ಇದೇ ಪರಿಸ್ಥಿತಿ.)

1782ರ ಡಿಸೆಂಬರ್ 7ರಂದು ಹೈದರಾಲಿ ಚಿತ್ತೂರಿನ ಹತ್ತಿರ ದಂಡಿನ ಬಿಡಾರದಲ್ಲೇ ಸತ್ತರು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಎದುರಿಗೆ ಇಂಗ್ಲಿಷರ ಸೈನ್ಯ. ಸಾವಿನ ಸುದ್ದಿ ಹೊರಬಿದ್ದರೆ ದಂಡು ಒಡೆದು ಹೋಗುತ್ತಿತ್ತು. ಪೂರ್ಣಯ್ಯ ಮತ್ತು ಕೃಷ್ಣರಾಯರು ಎಂಬ ಇನ್ನೊಬ್ಬ ಅಧಿಕಾರಿ ಸೇರಿ ಸುದ್ದಿಯನ್ನು ಮುಚ್ಚಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕೋಲಾರದ ಕಡೆ ಕಳಿಸಿದರು. ಟಿಪ್ಪು ಬಂದು ಸೇರುವವರೆಗೆ ದಂಡು ಕದಲಲಿಲ್ಲ. ನಮಗೆ ಇದರಲ್ಲಿ ಕಾಣುವುದು ಒಬ್ಬ ಧೈರ್ಯವಂತ ಅನ್ನೋದಕ್ಕಿಂತ ಹೆಚ್ಚಾಗಿ ಸಂಬಳ, ದವಸ, ಕಾಗದಪತ್ರ ಯಾವುದೂ ನಿಲ್ಲದ ಹಾಗೆ ನೋಡಿಕೊಂಡ ಮನುಷ್ಯ. ಅವು ನಿಂತಿದ್ದರೆ ಗುಟ್ಟು ಎರಡೇ ದಿನಕ್ಕೆ ಬಯಲಾಗುತ್ತಿತ್ತು.

ಟಿಪ್ಪುವಿನ ಕಾಲದಲ್ಲೂ ಅವರ ಕೆಲಸ ಹಣಕಾಸೇ. ಜೊತೆಗೆ ದಂಡಿನ ಮುಂದಾಳತ್ವ. 1792ರಲ್ಲಿ ಯುದ್ಧ ಸೋತಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ಕಟ್ಟಬೇಕಾಯಿತು. ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು. ಅರ್ಧ ರಾಜ್ಯದ ಆದಾಯದಲ್ಲಿ ಅಷ್ಟು ದುಡ್ಡು ಹೊಂದಿಸುವ ಲೆಕ್ಕ ಯಾರ ಮೇಜಿಗೆ ಬಂತು ಅಂತ ಬೇರೆ ಹೇಳಬೇಕಿಲ್ಲ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸತ್ತರು. ಇಲ್ಲಿಂದ ಪೂರ್ಣಯ್ಯನವರ ಬಗ್ಗೆ ಜಗಳ ಶುರು. ಎರಡೇ ತಿಂಗಳಲ್ಲಿ, ಜೂನ್ 30ಕ್ಕೆ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂಡಿಸಿ, ಅದೇ ಪೂರ್ಣಯ್ಯನವರನ್ನು ಇಂಗ್ಲಿಷರು ದಿವಾನರನ್ನಾಗಿ ಮಾಡಿದರು. ಹೈದರ್, ಟಿಪ್ಪು, ಆಮೇಲೆ ಕಂಪನಿಯವರು ಕೂಡಿಸಿದ ಒಡೆಯರು: ಮೂವರಿಗೂ ಒಬ್ಬನೇ ಮನುಷ್ಯ. ಇದನ್ನು ದ್ರೋಹ ಅನ್ನುವವರು ಇವತ್ತೂ ಇದ್ದಾರೆ, ನಾಡು ಉಳಿಸಿದರು ಅನ್ನುವವರೂ ಇದ್ದಾರೆ. ನಮ್ಮ ಬಳಗದಲ್ಲೇ ಈ ವಿಷಯಕ್ಕ ಎರಡು ಪಾರ್ಟಿ ಆಯ್ತು, ಕ್ಯಾಂಟೀನು ಮುಚ್ಚುವವರೆಗೂ ತೀರ್ಮಾನ ಆಗಲಿಲ್ಲ. ನಮಗನಿಸಿದ್ದು ಇಷ್ಟು: ರಾಜರು ಬದಲಾದರೂ ಕೆರೆಯ ಕೋಡಿ ಕಟ್ಟಬೇಕು, ಕಾಲುವೆಯ ಹೂಳು ತೆಗೀಬೇಕು, ಲೆಕ್ಕ ಬರೀಬೇಕು. ಆ ಕೆಲಸ ಗೊತ್ತಿದ್ದವರು ಆಗ ಅವರೊಬ್ಬರೇ ಅನ್ನುವಷ್ಟರ ಮಟ್ಟಿಗೆ ಇದ್ದರು. ಅದಕ್ಕೇ ಗೆದ್ದವರಿಗೂ ಅವರು ಬೇಕಾದರು. ಅದು ಅವರ ಗುಣವೋ ದೋಷವೋ, ಓದುವವರು ನಿರ್ಧರಿಸಲಿ.

ದಿವಾನಗಿರಿ ಸುಖದ್ದಾಗಿರಲಿಲ್ಲ. ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಂಪನಿಗೆ ಕಟ್ಟಬೇಕಿತ್ತು. ಮಳೆ ಬರಲಿ ಬಿಡಲಿ, ಕಟ್ಟಲೇಬೇಕು. ಯುದ್ಧದಲ್ಲಿ ಊರುಗಳು ಖಾಲಿಯಾಗಿದ್ದವು, ಕೆರೆಗಳು ಒಡೆದಿದ್ದವು. ಕಂದಾಯ ವಸೂಲಿಯಲ್ಲಿ ಅವರು ಬಿಗಿ ಅಂತ ಟೀಕೆಯೂ ಇದೆ. ಆದರೆ ವಸೂಲಿ ಮಾಡಿದ್ದರಲ್ಲಿ ಒಂದು ಪಾಲು ಕೆರೆ ಕಾಲುವೆಗಳ ದುರಸ್ತಿಗೆ ಹೋಗುತ್ತಿತ್ತು ಅನ್ನುವುದನ್ನೂ ಹೇಳಬೇಕು. ಎಲ್ಲವೂ ಗೆಲ್ಲಲಿಲ್ಲ. ಕಾವೇರಿ ನೀರನ್ನು ಮೈಸೂರಿಗೆ ತರಲಿಕ್ಕೆ ತೋಡಿಸಿದ ಕಾಲುವೆ ಮುಗಿಯಲೇ ಇಲ್ಲ. ಪೂರ್ಣಯ್ಯ ನಾಲೆ ಅನ್ನುವ ಹೆಸರು ಮಾತ್ರ ಮೈಸೂರಿನಲ್ಲಿ ಉಳಿದಿದೆ.

ಇಲ್ಲಿ ನಮ್ಮ ಸೀಮೆಯೂ ಸ್ವಲ್ಪ ಬರ್ತದ. 1800ರಲ್ಲಿ ದೋಂಡಿಯಾ ವಾಘ್ ಎಂಬುವನು ಕಂಪನಿಗೆ ತಿರುಗಿ ಬಿದ್ದಾಗ, ಅವನ ಬೆನ್ನು ಹತ್ತಿ ಆರ್ಥರ್ ವೆಲ್ಲೆಸ್ಲಿ ಉತ್ತರಕ್ಕೆ ಬಂದ. ಮುಂದೆ ನೆಪೋಲಿಯನ್ನನನ್ನು ವಾಟರ್‌ಲೂನಲ್ಲಿ ಸೋಲಿಸಿದವನೂ ಇವನೇ. ಜುಲೈ ತಿಂಗಳು, ಮಳೆಗಾಲ. ಮಲಪ್ರಭೆಯ ದಂಡೆಯ ಮುನವಳ್ಳಿಯ ಹತ್ತಿರ ದೋಂಡಿಯಾನ ಬಿಡಾರದ ಮೇಲೆ ದಾಳಿ ಆಯ್ತು. ತುಂಬಿ ಹರಿಯುವ ಹೊಳೆಗಳನ್ನು ದಂಡು, ಎತ್ತು, ಫಿರಂಗಿ ಸಮೇತ ದಾಟಬೇಕು ಅಂದ್ರ ಹರಿಗೋಲುಗಳನ್ನು ಕಟ್ಟಿಕೊಂಡು ಕಾಯಬೇಕು. ಈ ದಂಡಿಗೆ ದವಸ ಕಳಿಸುವ ಜವಾಬ್ದಾರಿ ಮೈಸೂರಿನಲ್ಲಿ ಕೂತ ಪೂರ್ಣಯ್ಯನವರದು. ದವಸದ ಎತ್ತುಗಳು ಹೊಳೆಯ ಆಚೆ ನಿಂತು ಬಿಟ್ಟರೆ ಏನಾಗ್ತದ ಅನ್ನೋದು ಅವರಿಗೆ ಅಂಕಿಯಲ್ಲೇ ಗೊತ್ತಿತ್ತು. ಎರಡು ವರ್ಷದ ನಂತರ ಸೇತುವೆ ಕೆಲಸ ಶುರುವಾಯಿತು. ಇದಕ್ಕೂ ಅದಕ್ಕೂ ನೇರ ಸಂಬಂಧ ಇದೆ ಅಂತ ನಾವು ಹೇಳುತ್ತಿಲ್ಲ, ನಮ್ಮ ಊಹೆ ಅಷ್ಟ. ಆದರೆ ರಬಕವಿಯಲ್ಲಿ ಇದ್ದುಕೊಂಡು ಕೃಷ್ಣೆ ತುಂಬಿದಾಗ ಆಚೆ ದಂಡೆಯ ಮಹಿಷವಾಡಗಿ ಎಷ್ಟು ದೂರ ಆಗ್ತದ ಅಂತ ಗೊತ್ತಿದ್ದವರಿಗೆ ಈ ಊಹೆ ಸುಲಭ.

ಈಗ ಸೇತುವೆಗೆ ಬರೋಣ. 1802ರಲ್ಲಿ ಶುರು, 1804ಕ್ಕೆ ಮುಗಿಯಿತು. ಹೆಸರು ವೆಲ್ಲೆಸ್ಲಿ ಸೇತುವೆ. ಆರ್ಥರನ ಅಣ್ಣ, ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರು. ಕಟ್ಟಿಸಿದವರ ಹೆಸರು ಇಡಲಿಲ್ಲ, ಇಡೋದು ಆಗ ಸಾಧ್ಯವೂ ಇರಲಿಲ್ಲ.

ಇದು ಕಮಾನಿನ ಸೇತುವೆ ಅಲ್ಲ. ಯುರೋಪಿನವರು ಆ ಕಾಲಕ್ಕೆ ಕಲ್ಲಿನ ಸೇತುವೆ ಅಂದ್ರ ಕಮಾನು ಹಾಕುತ್ತಿದ್ದರು. ಇಲ್ಲಿ ಸಾಲು ಸಾಲಾಗಿ ಕಲ್ಲಿನ ಕಂಬ, ಕಂಬದ ತಲೆಗೆ ಎರಡೂ ಕಡೆ ಚಾಚಿದ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ರಸ್ತೆ. ಎಲ್ಲೋ ನೋಡಿದ ಹಾಗಿದೆಯಲ್ಲ? ಐಹೊಳೆಗೆ ಹೋದವರೆಲ್ಲ ನೋಡಿದ್ದೀರಿ. ಲಾಡ್‌ಖಾನ್ ಗುಡಿಯ ಮಂಟಪ ನಿಂತಿರೋದೂ ಕಂಬ ಮತ್ತು ತೊಲೆಯ ಮೇಲೆ. ಸಾವಿರ ವರ್ಷದಿಂದ ಕಲ್ಲುಕುಟಿಗರ ಕೈಯಲ್ಲಿದ್ದ ಗುಡಿಯ ವಿದ್ಯೆಯನ್ನು ಪೂರ್ಣಯ್ಯನವರು ಹೊಳೆಗೆ ಇಳಿಸಿದರು. ಹೊಸ ಟೆಕ್ನಾಲಜಿ ಏನೂ ಇಲ್ಲ. ಕೈಯಲ್ಲಿದ್ದ ಜನ, ಗೊತ್ತಿದ್ದ ಪದ್ಧತಿ, ಹತ್ತಿರ ಸಿಗುವ ಕಲ್ಲು.

ಇದರ ಹಿಂದಿನ ಮೆಕ್ಯಾನಿಕ್ಸ್ ನಮ್ಮ ಸೆಕೆಂಡ್ ಇಯರ್ ಸಿಲಬಸ್ಸಿನೊಳಗಿನದೇ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳ್ತದ, ಎಳೆತ ತಾಳೋದಿಲ್ಲ. ಒತ್ತಡದಲ್ಲಿ ಹೊರುವ ಶಕ್ತಿಯ ಹತ್ತನೇ ಒಂದು ಪಾಲು ಎಳೆತದಲ್ಲಿ ಸಿಕ್ಕರೆ ದೊಡ್ಡದು. ತೊಲೆಯ ಮೇಲೆ ಭಾರ ಬಿದ್ದಾಗ ಕೆಳಗಿನ ಮೈ ಎಳೆತಕ್ಕೆ ಒಳಗಾಗ್ತದ, ಬಿರುಕು ಅಲ್ಲಿಂದಲೇ ಶುರು. ಹಂಗಾಗಿ ಕಂಬಗಳ ನಡುವಿನ ಅಂತರ ಕಡಿಮೆ ಇರಬೇಕು. ಬೋದಿಗೆ ಇರೋದು ಇದಕ್ಕೇ. ಸಮನಾಗಿ ಹರಡಿದ ಭಾರಕ್ಕೆ ಬೆಂಡಿಂಗ್ ಮೊಮೆಂಟು ಸ್ಪ್ಯಾನಿನ ವರ್ಗಕ್ಕೆ ತಕ್ಕಂತೆ ಏರ್ತದ. ಎರಡೂ ಕಡೆಯ ಬೋದಿಗೆ ಸೇರಿ ಸ್ಪ್ಯಾನಿನ ಮೂರನೇ ಒಂದು ಪಾಲು ನುಂಗಿದರೆ ಉಳಿಯುವ ಮೊಮೆಂಟು ಒಂಬತ್ತರಲ್ಲಿ ನಾಲ್ಕು ಪಾಲು, ಅಂದರೆ ಅರ್ಧಕ್ಕಿಂತ ಕಡಿಮೆ. ಗುಡಿಯ ಬೋದಿಗೆ ಅಲಂಕಾರಕ್ಕೆ ಅಂತ ತಿಳಿದವರು ಒಮ್ಮೆ ಈ ಲೆಕ್ಕ ಮಾಡಿ ನೋಡ್ರಿ.

ಇನ್ನೊಂದು ಕಾರಣ ಅಡಿಪಾಯ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ತಳ ಬಂಡೆ. ಕಂಬಗಳನ್ನು ಆ ಬಂಡೆಯೊಳಗೇ ಕೂಡಿಸಿದ್ದಾರೆ. ಇದು ಎಷ್ಟು ದೊಡ್ಡ ವಿಷಯ ಅಂತ ತಿಳೀಬೇಕಾದರೆ ಸೇತುವೆಗಳು ಹೆಂಗ ಸಾಯ್ತಾವು ಅಂತ ನೋಡಬೇಕು. ಹೊಳೆಯ ಸೇತುವೆಗಳನ್ನು ಕೊಲ್ಲುವುದರಲ್ಲಿ ಮುಂದಿರುವುದು ಮೇಲಿನ ಲಾರಿ ಅಲ್ಲ, ಕೆಳಗಿನ ನೀರು. ಪ್ರವಾಹದ ವೇಗಕ್ಕೆ ಕಂಬದ ಬುಡದ ಮರಳು, ಮಣ್ಣು ಕೊಚ್ಚಿ ಹೋಗಿ ಗುಂಡಿ ಬೀಳ್ತದ. ಇದಕ್ಕ ಸ್ಕೌರ್ ಅಂತಾರ. ಮೋಸ ಏನಂದ್ರ, ನೀರು ಇಳಿಯುವಾಗ ಅದೇ ಗುಂಡಿಯಲ್ಲಿ ಮತ್ತೆ ಹೂಳು ಬಂದು ತುಂಬ್ತದ. ಬೇಸಿಗೆಯಲ್ಲಿ ಹೋಗಿ ನೋಡಿದವರಿಗೆ ಎಲ್ಲ ಸಮತಟ್ಟು, ಎಲ್ಲ ಸರಿ ಇದ್ದಂಗ ಕಾಣ್ತದ. ತುಂಬಿದ ಸಡಿಲ ಹೂಳು ಏನೂ ಹೊರೋದಿಲ್ಲ, ಮುಂದಿನ ಪ್ರವಾಹಕ್ಕೆ ಮೊದಲ ಗಂಟೆಯಲ್ಲೇ ಹೋಗಿಬಿಡ್ತದ. ಬಂಡೆಯಲ್ಲಿ ಕೂತ ಕಂಬಕ್ಕೆ ಈ ರೋಗ ಬರೋದು ಕಷ್ಟ. ಎಲ್ಲ ಊರಿನ ಹೊಳೆಗೂ ಆ ಭಾಗ್ಯ ಇರೋದಿಲ್ಲ.

ಮೂರನೆಯದು, ಅದರೊಳಗ ಕಬ್ಬಿಣ ಇಲ್ಲ. ನಮ್ಮ ಕಾಲದ ಸೇತುವೆಯ ಶಕ್ತಿಯೂ ಕಬ್ಬಿಣ, ರೋಗವೂ ಕಬ್ಬಿಣ. ಗಾಳಿಯ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ಕಾಂಕ್ರೀಟಿನೊಳಗೆ ಇಳಿದು ಅದರ ಕ್ಷಾರ ಗುಣ ಕಳೀತದ. ಸಮುದ್ರದ ಕಡೆ ಉಪ್ಪಿನ ಕ್ಲೋರೈಡ್ ಬ್ಯಾರೆ. ಸರಳಿಗೆ ತುಕ್ಕು ಹಿಡಿದರೆ ಅದು ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದಲೇ ಸೀಳ್ತದ. ಕೆಳಗಿನಿಂದ ನೋಡಿದಾಗ ಕಂದು ಕಲೆ, ಉದುರಿದ ಚಕ್ಕೆ, ಬಯಲಾದ ಸರಳು ಕಂಡರೆ ರೋಗ ಆಗಲೇ ಮುಂದುವರೆದಿದೆ ಅಂತ ಅರ್ಥ. ಪ್ರಿಸ್ಟ್ರೆಸ್ಡ್ ಸೇತುವೆಯಲ್ಲಿ ಇನ್ನೂ ಕಷ್ಟ. ಬಿಗಿದ ಕೇಬಲ್ಲು ನಳಿಕೆಯೊಳಗೆ ಇರ್ತದ, ಅಲ್ಲಿ ತುಂಬಿದ ಗ್ರೌಟಿನಲ್ಲಿ ಖಾಲಿ ಜಾಗ ಉಳಿದು ನೀರು ಸೇರಿದರೆ ಹೊರಗೆ ಯಾವ ಸೂಚನೆಯೂ ಇಲ್ಲದೆ ಒಳಗೆ ತಂತಿಗಳು ಒಂದೊಂದೇ ಹೋಗ್ತಾವು.

ಇಷ್ಟು ಓದಿ ಹಾಗಾದರೆ ಕಲ್ಲೇ ಮೇಲು ಅಂದುಕೊಂಡವರಿಗೆ ಶಿವನಸಮುದ್ರದ ಕಥೆ ಹೇಳಬೇಕು. ಪೂರ್ಣಯ್ಯನವರ ಸೇತುವೆಯ ನಂತರ ಅದೇ ಕಂಬ ತೊಲೆಯ ಮಾದರಿಯಲ್ಲಿ ರಾಮಸ್ವಾಮಿ ಮೊದಲಿಯಾರರು ಶಿವನಸಮುದ್ರದಲ್ಲಿ ಸೇತುವೆ ಕಟ್ಟಿಸಿದರು. ಅದೇ ಕಾವೇರಿ, ಅದೇ ಕಲ್ಲು, ಅದೇ ವಿದ್ಯೆ. 2018ರ ಪ್ರವಾಹದಲ್ಲಿ ಅಲ್ಲಿಯ ಹಳೆ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಕೊಂಡು ಹೋಯಿತು. ಒತ್ತೊತ್ತಾಗಿ ಕಂಬ ಇರುವ ಸೇತುವೆಯ ತೊಂದರೆಯೇ ಅದು: ಪ್ರವಾಹದಲ್ಲಿ ತೇಲಿ ಬರುವ ಮರ, ಬೇರು, ಕಸ ಕಂಬಗಳಿಗೆ ಸಿಕ್ಕಿ ಅಣೆಕಟ್ಟಿನ ಹಾಗೆ ನೀರು ತಡೀತದ, ಇಡೀ ಒತ್ತಡ ಕಂಬದ ಮೇಲೆ. ಕಲ್ಲಿನ ಸಂದಿಯಲ್ಲಿ ಅರಳಿಗಿಡ ಹುಟ್ಟಿದರೆ ಬೇರೇ ಸಂದನ್ನು ಅಗಲ ಮಾಡ್ತದ. ವರ್ಷಕ್ಕೊಮ್ಮೆ ಇಳಿದು ಕಸ ತೆಗೆದು, ಗಿಡ ಕಿತ್ತು, ಸಂದಿಗೆ ಗಾರೆ ತುಂಬೋ ಮಂದಿ ಬೇಕು. ಮತ್ತ, ನಿಂತಿರುವ ಹಳೆ ಸೇತುವೆಗಳನ್ನಷ್ಟೇ ನಾವು ನೋಡ್ತೀವಿ. ಆ ಕಾಲದಲ್ಲಿ ಬಿದ್ದು ಹೋದವುಗಳ ಫೋಟೋ ಯಾರ ಫೋನಿನಲ್ಲೂ ಇಲ್ಲ.

ಭಾರದ ವಿಷಯವೂ ಹಾಗೆ. 1804ರಲ್ಲಿ ಆ ಸೇತುವೆ ಹೊತ್ತದ್ದು ಎತ್ತಿನ ಬಂಡಿ, ಫಿರಂಗಿ, ಬಹಳ ಅಂದ್ರ ಆನೆ. ಇವತ್ತಿನ ಹೆದ್ದಾರಿ ಸೇತುವೆಯನ್ನು ಡಿಸೈನ್ ಮಾಡುವಾಗ ಐಆರ್‌ಸಿಯ 70ಆರ್ ಲೋಡಿಂಗಿನಲ್ಲಿ 70 ಟನ್ನಿನ ಟ್ಯಾಂಕ್ ಮಾದರಿಯ ವಾಹನ ಇಡ್ತಾರ. ನಮ್ಮ ಕಡೆ ಕಬ್ಬಿನ ಸೀಸನ್ನಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ತಲೆಯೆತ್ತರ ಮೀರಿ ತುಂಬಿದ ಟ್ರ್ಯಾಕ್ಟರುಗಳು ಜಮಖಂಡಿ, ಮುಧೋಳದ ರಸ್ತೆಯಲ್ಲಿ ರಾತ್ರಿಯಿಡೀ ಸಾಲು ಹಚ್ಚಿ ಹೋಗ್ತಾವು. ಅವು ದಾಟುವ ಸಣ್ಣ ಹಳ್ಳದ ಸೇತುವೆಗಳನ್ನು ಕಟ್ಟಿದಾಗ ಯಾವ ಭಾರ ಲೆಕ್ಕ ಹಾಕಿದ್ದರು, 2005, 2019ರ ಪ್ರವಾಹದಲ್ಲಿ ನೀರಿನಡಿ ನಿಂತವುಗಳ ಬುಡ ಈಗ ಹೇಗಿದೆ, ಇದು ನಮ್ಮ ಊರಿನ ಪ್ರಶ್ನೆ.

ತಪಾಸಣೆಗೆ ನಿಯಮ ಇಲ್ಲ ಅಂತಲ್ಲ. ಐಆರ್‌ಸಿಯ ಎಸ್‌ಪಿ 35 ಅನ್ನೋದು ಸೇತುವೆಗಳ ತಪಾಸಣೆ ಮತ್ತು ನಿರ್ವಹಣೆಯ ಕೈಪಿಡಿಯೇ. 2016ರಲ್ಲಿ ಕೇಂದ್ರ ಸರ್ಕಾರ ದೇಶದ ಸೇತುವೆಗಳನ್ನು ಎಣಿಸಿ, ಸ್ಥಿತಿಗೆ ಅಂಕ ಕೊಡುವ ವ್ಯವಸ್ಥೆಯನ್ನೂ ಶುರು ಮಾಡಿತು. ಅಮೆರಿಕದವರಿಗೂ ಈ ಬುದ್ಧಿ ಬಂದದ್ದು ಪೆಟ್ಟು ತಿಂದ ಮೇಲೆ. 1967ರ ಡಿಸೆಂಬರ್ 15ರಂದು ಓಹಾಯೋ ನದಿಯ ಸಿಲ್ವರ್ ಬ್ರಿಜ್ ಬಿದ್ದು 46 ಜನ ಸತ್ತರು. ಕಾರಣ ಒಂದು ಕಬ್ಬಿಣದ ಕೊಂಡಿಯಲ್ಲಿದ್ದ ಎರಡು ಮೂರು ಮಿಲಿಮೀಟರಿನ ಬಿರುಕು. ಆಮೇಲೆ 1971ರಲ್ಲಿ ಅಲ್ಲಿ ಎರಡು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ ಆಯ್ತು. ಉಪಕರಣಗಳೂ ಬಂದಿವೆ: ರೀಬೌಂಡ್ ಹ್ಯಾಮರ್, ಅಲ್ಟ್ರಾಸೋನಿಕ್, ತುಕ್ಕು ಅಳೆಯುವ ಹಾಫ್ ಸೆಲ್. ಆದರೆ ಮೊದಲ ಉಪಕರಣ ಕಣ್ಣು, ಎರಡನೆಯದು ಸೇತುವೆಯ ಕೆಳಗೆ ಇಳಿಯುವ ಕಾಲು. ಮೇಲೆ ನಿಂತು ಡಾಂಬರು ನೋಡಿದರೆ ರಸ್ತೆ ನೋಡಿದಂಗ ಆಯ್ತು, ಸೇತುವೆ ನೋಡಿದಂಗ ಅಲ್ಲ. ಬೇರಿಂಗು ಸಿಕ್ಕಿಹಾಕಿಕೊಂಡಿದೆಯೋ, ನೀರು ಹೋಗುವ ಕೊಳವೆ ಮುಚ್ಚಿದೆಯೋ, ಜಾಯಿಂಟಿನಿಂದ ನೀರು ಗರ್ಡರಿನ ತುದಿಗೆ ಸೋರುತ್ತಿದೆಯೋ, ಎಲ್ಲ ಕೆಳಗೇ ಕಾಣೋದು.

ಇಲ್ಲಿ ನಾವು ಮತ್ತೆ ಪೂರ್ಣಯ್ಯನವರ ಕಡೆ ಬರ್ತೀವಿ. ಕಟ್ಟೋದಕ್ಕೆ ದುಡ್ಡು ಯಾವ ಸರ್ಕಾರಕ್ಕೂ ಸಿಗ್ತದ, ಯಾಕಂದ್ರ ಕಟ್ಟಿದ್ದಕ್ಕೆ ರಿಬ್ಬನ್ ಇದೆ, ಕಲ್ಲಿನ ಮೇಲೆ ಹೆಸರಿದೆ. ಅರಳಿಗಿಡ ಕಿತ್ತಿದ್ದಕ್ಕೆ ಉದ್ಘಾಟನೆ ಇಲ್ಲ. ಕೆರೆಯ ದುರಸ್ತಿಯನ್ನು ವರ್ಷದ ಖರ್ಚಿನ ಒಂದು ಸಾಲಾಗಿ ಬರೆಯುವವನು ಎಂಜಿನಿಯರ್ ಅಲ್ಲ, ಲೆಕ್ಕದವನು. ಪೂರ್ಣಯ್ಯನವರು ಆ ಸಾಲು ಬರೆದವರು. ಅವರ ಬಗ್ಗೆ ನಮಗೆ ಅತಿ ಹೆಚ್ಚು ಗೌರವ ಬಂದದ್ದು ಇದಕ್ಕೆ, ಸೇತುವೆಗಿಂತ ಇದಕ್ಕೇ.

1807ರಲ್ಲಿ ಅವರಿಗೆ ಯಳಂದೂರನ್ನು ಜಹಗೀರಾಗಿ ಕೊಟ್ಟರು. 1811ಕ್ಕೆ ಹುಡುಗ ರಾಜ ಬೆಳೆದು ಅಧಿಕಾರ ಕೇಳಿದ. ಅಧಿಕಾರ ಬಿಡುವುದು ಪೂರ್ಣಯ್ಯನವರಿಗೆ ಸುಲಭ ಆಗಲಿಲ್ಲ, ಮನಸ್ತಾಪವೂ ಆಯ್ತು. ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋದರು, ತುಂಬಿದ ಬೊಕ್ಕಸ ಹಿಂದೆ ಬಿಟ್ಟರು. ಮರುವರ್ಷ 1812ರ ಮಾರ್ಚಿನಲ್ಲಿ ಅಲ್ಲೇ ತೀರಿಕೊಂಡರು. ಅವರ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಹೊತ್ತಿಗೂ ಬೆಂಗಳೂರು ಮೈಸೂರು ದಾರಿಯ ಬಂಡಿಗಳು ಅಜ್ಜನ ಕಾಲದ ಅದೇ ಸೇತುವೆಯ ಮೇಲೇ ಹೋಗುತ್ತಿದ್ದವು.

ಈಗ ಹೆದ್ದಾರಿಯ ಭಾರ ಹೊಸ ಸೇತುವೆಗಳ ಮೇಲಿದೆ. ಮೈಸೂರು ಟ್ರಿಪ್ ಹಾಕುವವರು ಅರಮನೆ, ಬೃಂದಾವನ ನೋಡಿ ಬರುವ ಹಾದಿಯಲ್ಲಿ ಅರ್ಧ ಗಂಟೆ ಇಟ್ಟುಕೊಳ್ಳಿರಿ. ಬೇಸಿಗೆಯಲ್ಲಿ ಹೋದರೆ ನೀರು ಕಡಿಮೆ ಇರ್ತದ. ಮೇಲಿನಿಂದ ಸೆಲ್ಫಿ ತೆಗೆದು ವಾಪಸ್ ಬರಬ್ಯಾಡ್ರಿ. ದಂಡೆಗೆ ಇಳಿದು, ಕಂಬದ ಬುಡ ನೋಡಿ, ಬೋದಿಗೆ ಎಣಿಸಿ, ಯಾವ ಸಂದಿಯಲ್ಲಿ ಗಿಡ ಹುಟ್ಟಿದೆ ಅಂತ ಬರೆದುಕೊಂಡು ಬರ್ರಿ. ಮುಂದಿನ ಸಂಚಿಕೆಗೆ ಹಾಕ್ತೀವಿ.